ಇಲಿಯೋ ಮನುಷ್ಯನೋ, ಮೊದಲ ಸಾಲಿನಲ್ಲೇ ತಿಳಿಸಿ

ಸಂಪಾದಕರಿಗೆ,

ಮಾನ್ಯರೆ,

ಕಳೆದ ತಿಂಗಳು ನಿಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ‘ಕ್ಯಾನ್ಸರ್ ಔಷಧದಿಂದ ತುಂಡಾದ ನರಕ್ಕೆ ಮರುಜೀವ’ ಎಂಬ ವರದಿ ಬಂದಿತ್ತು. ಅದನ್ನು ನನಗಿಂತ ಮೊದಲು ಓದಿದವನು ನನ್ನ ತಮ್ಮ. ನಾನು ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದೆ. ಅವನು ಗಾಲಿಕುರ್ಚಿಯನ್ನು ಹೊಸ್ತಿಲಿನವರೆಗೆ ತಳ್ಳಿಕೊಂಡು ಬಂದು, ತೊಡೆಯ ಮೇಲೆ ಪತ್ರಿಕೆಯನ್ನು ಹರಡಿ, ಒಂದು ಪದದ ಮೇಲೆ ಬೆರಳಿಟ್ಟು ಕೇಳಿದ: ‘ಅಕ್ಕಾ, ಪ್ಯಾಕ್ಲಿಟ್ಯಾಕ್ಸೆಲ್ ಅಂದರೆ ನಿನಗೆ ಕೊಟ್ಟಿದ್ದ ಮದ್ದೇ ಅಲ್ಲವೇ?’

ಹೌದು, ಅದೇ ಮದ್ದು. ಅವನ ಕಣ್ಣಿನಲ್ಲಿ ಆಗ ಕಂಡದ್ದನ್ನು ನೋಡಿದ ಮೇಲೆ ಈ ಪತ್ರವನ್ನು ಬರೆಯದೆ ಇರಲು ನನ್ನಿಂದ ಆಗಲಿಲ್ಲ. ದೀರ್ಘವಾಗಿದೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಶಿರಸಿ ತಾಲ್ಲೂಕಿನ ಒಂದು ಹಳ್ಳಿ. 2014ರ ಆಗಸ್ಟ್‌ನಲ್ಲಿ ತಮ್ಮ ಅಡಿಕೆ ಮರದಿಂದ ಬಿದ್ದ. ಕೊಳೆ ರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯುವ ಎರಡನೆಯ ಸುತ್ತು ಅದು. ವಾರದಿಂದ ಬಿಡದೆ ಹೊಯ್ಯುತ್ತಿದ್ದ ಮಳೆ ಅಂದು ಬೆಳಿಗ್ಗೆ ಹೊಳವಾಗಿತ್ತು. ಆಳು ಬರಲಿಲ್ಲ, ಇನ್ನೊಂದು ದಿನ ಕಾದರೆ ಕಾಯಿ ಉದುರುತ್ತದೆ ಎಂದು ತಾನೇ ಹತ್ತಿದ. ಪಾಚಿ ಕಟ್ಟಿದ ಮರ, ಜಾರಿತು. ಎದೆಭಾಗದ ಹತ್ತನೆಯ ಕಶೇರುಕದ ಬಳಿ ಬೆನ್ನುಹುರಿ ಜಜ್ಜಿಹೋಯಿತು. ಹೊಕ್ಕುಳಿನಿಂದ ಕೆಳಗೆ ಅವನಿಗೆ ಬಿಸಿಯೂ ತಿಳಿಯುವುದಿಲ್ಲ, ತಣ್ಣಗೂ ತಿಳಿಯುವುದಿಲ್ಲ. ಆಗ ಅವನಿಗೆ ಮೂವತ್ತೆಂಟು ವರ್ಷ.

ನನ್ನ ಸರದಿ ಬಂದದ್ದು 2021ರಲ್ಲಿ. ಸ್ತನ ಕ್ಯಾನ್ಸರ್. ಶಸ್ತ್ರಚಿಕಿತ್ಸೆಯಾದ ಮೇಲೆ ವಾರಕ್ಕೊಂದರಂತೆ 12 ಸಲ ಪ್ಯಾಕ್ಲಿಟ್ಯಾಕ್ಸೆಲ್ ಹಾಕಿದರು. ಹುಬ್ಬಳ್ಳಿಗೆ ಬೆಳಗಿನ ಬಸ್ಸಿಗೆ ಹೋಗಿ ರಾತ್ರಿ ಮರಳುವುದು. ಐದನೆಯ ಅಥವಾ ಆರನೆಯ ಸಲದ ಹೊತ್ತಿಗೆ ಬೆರಳ ತುದಿಗಳಲ್ಲಿ ಇರುವೆ ಹರಿದಂತಾಯಿತು. ಹತ್ತನೆಯ ಸಲಕ್ಕೆ ಏನೂ ಇಲ್ಲವಾಯಿತು. ರವಿಕೆಯ ಹುಕ್ಕು ಹಾಕಲು ಕನ್ನಡಿ ಬೇಕಾಯಿತು. ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಕಲ್ಲು ಕಣ್ಣಿಗೆ ಕಾಣುತ್ತಿತ್ತು, ಬೆರಳಿಗೆ ಸಿಗುತ್ತಿರಲಿಲ್ಲ. ಜೀವ ಉಳಿಸಿದ ಔಷಧ ಅದು, ಅದರ ಮೇಲೆ ನನಗೆ ಸಿಟ್ಟಿಲ್ಲ. ಮೂರು ವರ್ಷಗಳಲ್ಲಿ ಅರ್ಧದಷ್ಟು ಸ್ಪರ್ಶ ಮರಳಿದೆ.

ಒಂದು ದಿನದ ಮಾತು ಹೇಳುತ್ತೇನೆ. ಮಳೆಗಾಲ, ಸಂಜೆ. ಗಾಲಿಕುರ್ಚಿಯ ಕಾಲುಹಲಗೆಯ ಮೇಲೆ ರಕ್ತ ಕಂಡಿತು. ಬಗ್ಗಿ ನೋಡಿದರೆ ತಮ್ಮನ ಎರಡು ಬೆರಳುಗಳ ಸಂದಿಯಲ್ಲಿ ಉಂಬಳವೊಂದು ಕಚ್ಚಿಕೊಂಡು ನೇರಳೆ ಹಣ್ಣಿನಷ್ಟು ಉಬ್ಬಿತ್ತು. ಎಷ್ಟು ಹೊತ್ತಿನಿಂದ ಕುಡಿಯುತ್ತಿತ್ತೋ, ಅವನಿಗೆ ಗೊತ್ತೇ ಆಗಿರಲಿಲ್ಲ. ನಾನು ಹಿಡಿದು ಎಳೆಯಲು ಹೋದೆ. ನನ್ನ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಇರುವುದು ಉಂಬಳವೋ ಅವನ ಬೆರಳ ಚರ್ಮವೋ ನನಗೂ ತಿಳಿಯಲಿಲ್ಲ. ಕಚ್ಚಿಸಿಕೊಂಡವನಿಗೆ ಗೊತ್ತಿಲ್ಲ, ಕೀಳುವವಳಿಗೂ ಗೊತ್ತಿಲ್ಲ. ಕೊನೆಗೆ ಸುಣ್ಣ ಹಚ್ಚಿ ಬಿಡಿಸಿದೆ. ಆ ಸಂಜೆ ನಾವಿಬ್ಬರೂ ಬಹಳ ಹೊತ್ತು ಮಾತನಾಡಲಿಲ್ಲ.

ಇಂಥ ಮನೆಗೆ ನಿಮ್ಮ ಶೀರ್ಷಿಕೆ ಬಂತು. ಅಕ್ಕನ ನರವನ್ನು ಜಡ ಮಾಡಿದ ಮದ್ದು ತಮ್ಮನ ನರವನ್ನು ಬೆಳೆಸುತ್ತದೆ ಎಂದು ಅದು ಹೇಳುತ್ತಿತ್ತು. ತಮ್ಮನ ಪ್ರಶ್ನೆ ಸಹಜವಾಗಿಯೇ ಇತ್ತು: ‘ಇದು ಹೇಗೆ ಸಾಧ್ಯ? ಮತ್ತೆ, ನನಗೆ ಯಾಕೆ ಯಾರೂ ಹೇಳಲಿಲ್ಲ?’

ಮೊದಲನೆಯದಕ್ಕೆ ಉತ್ತರ ನನಗೆ ಗೊತ್ತಿತ್ತು. ಮೂವತ್ತು ವರ್ಷ ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿದವಳು ನಾನು. ಈರುಳ್ಳಿ ಬೇರಿನ ತುದಿಯನ್ನು ಕತ್ತರಿಸಿ, ಬಣ್ಣದಲ್ಲಿ ಅದ್ದಿ, ಗಾಜಿನ ಪಟ್ಟಿಯ ಮೇಲೆ ಹೆಬ್ಬೆರಳಿನಿಂದ ಒತ್ತಿ ಸೂಕ್ಷ್ಮದರ್ಶಕದಡಿ ಇಟ್ಟರೆ, ಕೋಶ ಎರಡಾಗುವ ಹೊತ್ತಿನಲ್ಲಿ ವರ್ಣತಂತುಗಳು ಎರಡು ಬದಿಗೆ ಸರಿಯುವುದು ಕಾಣುತ್ತದೆ. ‘ಅವನ್ನು ಎಳೆಯುತ್ತಿರುವುದು ಯಾರು?’ ಎಂದು ಪ್ರತಿ ವರ್ಷ ಯಾರಾದರೂ ಒಬ್ಬ ವಿದ್ಯಾರ್ಥಿ ಕೇಳುತ್ತಿದ್ದ. ನಮ್ಮ ಕಾಲೇಜಿನ ಸೂಕ್ಷ್ಮದರ್ಶಕಕ್ಕೆ ಕಾಣದ ಆ ಎಳೆಗಳೇ ಮೈಕ್ರೊಟ್ಯೂಬ್ಯೂಲ್‌ಗಳು. ಸುಮಾರು 25 ನ್ಯಾನೊಮೀಟರ್ ಅಗಲದ ಟೊಳ್ಳು ಕೊಳವೆಗಳು. ತಲೆಗೂದಲನ್ನು ಮೂರು ಸಾವಿರ ಪಾಲು ಮಾಡಿದರೆ ಒಂದು ಪಾಲಿನ ಆಸುಪಾಸು. ಟ್ಯೂಬ್ಯುಲಿನ್ ಎಂಬ ಪ್ರೋಟೀನಿನ ಇಟ್ಟಿಗೆಗಳನ್ನು ಜೋಡಿಸಿ ಕೋಶ ಇವನ್ನು ಕಟ್ಟುತ್ತದೆ, ಬೇಡವಾದಾಗ ಕಳಚುತ್ತದೆ. ಒಂದು ತುದಿ ಬೆಳೆಯುತ್ತಾ ಹೋಗಿ ಥಟ್ಟನೆ ಕುಸಿಯುತ್ತದೆ, ಮತ್ತೆ ಬೆಳೆಯುತ್ತದೆ. ಈ ಕಟ್ಟುವ ಕೆಡಹುವ ಆಟವನ್ನು 1984ರಲ್ಲಿ ಟಿಮ್ ಮಿಚಿಸನ್ ಮತ್ತು ಮಾರ್ಕ್ ಕಿರ್ಶ್ನರ್ ವಿವರಿಸಿದರು.

ಕ್ಯಾನ್ಸರ್ ಕೋಶ ಎರಡಾಗಲು ಈ ಕೊಳವೆಗಳು ಬೇಕು. ನರಕೋಶ ಎರಡಾಗುವುದಿಲ್ಲ, ಆದರೂ ಅದರ ತುಂಬ ಇವೇ ಕೊಳವೆಗಳು. ಅಲ್ಲಿ ಅವುಗಳ ಕೆಲಸ ಬೇರೆ. ಸೊಂಟದ ಹತ್ತಿರ ಹುಟ್ಟಿ ಕಾಲ್ಬೆರಳಿನವರೆಗೆ ಹೋಗುವ ನರತಂತು ಸುಮಾರು ಒಂದು ಮೀಟರ್ ಉದ್ದ. ಅಷ್ಟು ದೂರದ ತುದಿಗೆ ಬೇಕಾದ ಪ್ರೋಟೀನು, ಶಕ್ತಿಯ ಕಣಗಳು ಎಲ್ಲವೂ ಕೋಶದ ಒಡಲಿನಿಂದಲೇ ಸಾಗಬೇಕು. ಕೈನೆಸಿನ್ ಎಂಬ ಪ್ರೋಟೀನು ಸಾಮಾನನ್ನು ಹೊತ್ತು ಈ ಕೊಳವೆಗಳ ಮೇಲೆ ತುದಿಯತ್ತ ಹೆಜ್ಜೆ ಹಾಕುತ್ತದೆ, ಡೈನಿನ್ ಎಂಬುದು ತುದಿಯಿಂದ ಒಡಲಿನತ್ತ ತರುತ್ತದೆ. ದಾರಿ ಕೆಟ್ಟರೆ ಮೊದಲು ಸಾಮಾನು ನಿಲ್ಲುವುದು ಎಲ್ಲಕ್ಕಿಂತ ದೂರದ ಊರಿಗೆ. ಕಿಮೊಥೆರಪಿ ಪಡೆದವರ ಜೋಮು ಕಾಲ್ಬೆರಳು ಮತ್ತು ಕೈಬೆರಳ ತುದಿಯಲ್ಲೇ ಶುರುವಾಗುವುದಕ್ಕೆ ಇದೊಂದು ಮುಖ್ಯ ಕಾರಣ.

ಪ್ಯಾಕ್ಲಿಟ್ಯಾಕ್ಸೆಲ್ ಬಂದದ್ದು ಅಮೆರಿಕದ ಪಶ್ಚಿಮ ಕರಾವಳಿಯ ಯೂ ಎಂಬ ಮರದ ತೊಗಟೆಯಿಂದ. ಮನ್ರೋ ವಾಲ್ ಜೊತೆಗೂಡಿ ಅದರ ರಚನೆಯನ್ನು 1971ರಲ್ಲಿ ಪ್ರಕಟಿಸಿದ ಮನ್ಸುಖ್ ವಾನಿ ಮಹಾರಾಷ್ಟ್ರದ ನಂದುರ್ಬಾರಿನಲ್ಲಿ ಹುಟ್ಟಿದವರು. 1979ರಲ್ಲಿ ನ್ಯೂಯಾರ್ಕಿನ ಸೂಸನ್ ಹಾರ್ವಿಟ್ಜ್ ಈ ವಸ್ತು ಕೊಳವೆಗಳನ್ನು ಮುರಿಯುವುದಿಲ್ಲ, ಕಳಚಲಾರದಂತೆ ಗಟ್ಟಿ ಮಾಡುತ್ತದೆ ಎಂದು ತೋರಿಸಿದರು. ಅದು ಬೆರಗಿನ ಸಂಗತಿಯಾಗಿತ್ತು. ಏಕೆಂದರೆ ಅಲ್ಲಿಯವರೆಗೆ ಗೊತ್ತಿದ್ದ ಸಸ್ಯಮೂಲದ ವಸ್ತುಗಳು ಮಾಡುತ್ತಿದ್ದುದು ಇದರ ತದ್ವಿರುದ್ಧ ಕೆಲಸ. ನಮ್ಮ ಅಂಗಳದ ನಿತ್ಯಪುಷ್ಪದಿಂದ ತೆಗೆಯುವ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಕೊಳವೆ ಕಟ್ಟುವುದನ್ನೇ ತಡೆಯುತ್ತವೆ. ಚೌತಿಯ ಹೊತ್ತಿಗೆ ಬೇಲಿಯ ಮೇಲೆ ಅರಳುವ ಗೌರಿ ಹೂವಿನ ಗೆಡ್ಡೆಯಲ್ಲಿರುವ ಕಾಲ್ಚಿಸಿನ್ ಕೂಡ ಅಷ್ಟೇ. (ಆ ಗೆಡ್ಡೆ ಕಡು ವಿಷ. ಮಕ್ಕಳಿರುವ ಮನೆಯವರು ಎಚ್ಚರದಿಂದಿರಬೇಕು.)

ಇಲ್ಲಿಯವರೆಗಿನ ಮಾತು ಪಠ್ಯಪುಸ್ತಕದ್ದು. ನಿಮ್ಮ ವರದಿಯ ಹಿಂದಿನ ಪ್ರಯೋಗಗಳನ್ನು ಮಾತ್ರ ನಾನು ಹುಡುಕಿ ಓದಬೇಕಾಯಿತು. ತಂಗಿಯ ಮಗಳು ಬೆಂಗಳೂರಿನಲ್ಲಿ ಸಂಶೋಧನೆ ಮಾಡುತ್ತಾಳೆ, ಮೂಲ ಲೇಖನಗಳನ್ನು ಅವಳೇ ತರಿಸಿಕೊಟ್ಟಳು. ಹದಿನೈದು ದಿನ ರಾತ್ರಿ ಕುಳಿತು ಓದಿದೆ. ಓದಿದ್ದು ನಿಜಕ್ಕೂ ಸೊಗಸಾಗಿದೆ, ನಿಮ್ಮ ವರದಿಗಿಂತ ಎಷ್ಟೋ ಪಾಲು ಸೊಗಸಾಗಿದೆ.

ಕೈಕಾಲಿನ ನರ ಕತ್ತರಿಸಿದರೆ ಅದು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಮತ್ತೆ ಬೆಳೆಯಬಲ್ಲದು. ಬೆನ್ನುಹುರಿಯೊಳಗಿನ ನರತಂತು ಬೆಳೆಯುವುದಿಲ್ಲ. ಅದಕ್ಕೆ ಬೆಳೆಯುವ ಶಕ್ತಿಯೇ ಇಲ್ಲವೆಂದಲ್ಲ. ಕೈಕಾಲಿನ ನರದ ತುಂಡನ್ನು ಸೇತುವೆಯಂತೆ ಇಟ್ಟರೆ ಬೆನ್ನುಹುರಿಯ ತಂತುಗಳು ಅದರೊಳಗೆ ಬೆಳೆಯುತ್ತವೆ ಎಂದು ಮಾಂಟ್ರಿಯಲ್‌ನ ಆಲ್ಬರ್ಟ್ ಅಗ್ವಾಯೊ 1980ರ ಆಸುಪಾಸಿನಲ್ಲೇ ತೋರಿಸಿದ್ದರು. ಹಾಗಾದರೆ ತುಂಡಾದ ಜಾಗದಲ್ಲಿ ನಡೆಯುವುದೇನು? ಬೆನ್ನುಹುರಿಯಲ್ಲಿ ಕತ್ತರಿಸಿದ ತಂತುವಿನ ತುದಿ ಗುಬುಟಿನಂತೆ ಊದಿಕೊಂಡು ನಿಂತುಬಿಡುತ್ತದೆ. ಸ್ಪೇನಿನ ನರವಿಜ್ಞಾನಿ ಕಹಾಲ್ ನೂರು ವರ್ಷಕ್ಕೂ ಹಿಂದೆ ಈ ಗುಬುಟುಗಳ ಚಿತ್ರ ಬರೆದಿಟ್ಟಿದ್ದರು. ಅದರೊಳಗೆ ಕೊಳವೆಗಳು ಸಿಕ್ಕುಸಿಕ್ಕಾಗಿ ಬಿದ್ದಿರುತ್ತವೆ ಎಂದು 2007ರಲ್ಲಿ ಜರ್ಮನಿಯ ಫ್ರಾಂಕ್ ಬ್ರಾಡ್ಕೆ ಅವರ ತಂಡ ಕಂಡಿತು. ಬೆಳೆಯುತ್ತಿರುವ ತುದಿಯಲ್ಲಾದರೆ ಅವು ಹುರಿ ಹಾಕಿದ ಹಾಗೆ ನೇರವಾಗಿ ಮುಂದಕ್ಕೆ ಚಾಚಿರುತ್ತವೆ. ಬೆಳೆಯುವ ತುದಿಯ ಕೊಳವೆಗಳನ್ನು ಔಷಧದಿಂದ ಕೆಡಿಸಿದರೆ ಅದೂ ಗುಬುಟಾಗುತ್ತದೆ. ಅಂದ ಮೇಲೆ ಕೊಳವೆಗಳನ್ನು ಸ್ವಲ್ಪವೇ ಸ್ವಲ್ಪ ಗಟ್ಟಿ ಮಾಡಿದರೆ ಗುಬುಟು ತಪ್ಪಬಹುದಲ್ಲವೇ?

2011ರಲ್ಲಿ ಅದೇ ತಂಡ ಇಲಿಗಳ ಬೆನ್ನುಹುರಿಗೆ ಗಾಯ ಮಾಡಿ, ಅತಿ ಸಣ್ಣ ಪ್ರಮಾಣದ ಪ್ಯಾಕ್ಲಿಟ್ಯಾಕ್ಸೆಲ್ಲನ್ನು ಪುಟ್ಟ ಪಂಪಿನ ಮೂಲಕ ನೇರವಾಗಿ ಗಾಯದ ಬಳಿಗೆ ನಾಲ್ಕು ವಾರ ಬಿಟ್ಟಿತು. ಎರಡು ಫಲ ಸಿಕ್ಕವು: ನರತಂತುಗಳು ಹೆಚ್ಚು ಬೆಳೆದವು, ಗಾಯದಲ್ಲಿ ಕಟ್ಟುವ ಗಡಸು ಕಲೆ ಕಡಿಮೆಯಾಯಿತು. ಆ ಕಲೆಯೇ ಬೆಳೆಯುವ ತಂತುವಿಗೆ ಎದುರಾಗುವ ಗೋಡೆ. 2015ರಲ್ಲಿ, ಕೊಳವೆಗಳನ್ನು ಹೀಗೆಯೇ ಗಟ್ಟಿ ಮಾಡುವ ಎಪೊಥಿಲೋನ್ ಬಿ ಎಂಬ ಇನ್ನೊಂದು ವಸ್ತುವನ್ನು ಪರೀಕ್ಷಿಸಿದರು. ಆಫ್ರಿಕಾದ ಜಾಂಬೆಜಿ ನದಿದಂಡೆಯ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಸಿಕ್ಕ ವಸ್ತುವಿದು. ಪ್ಯಾಕ್ಲಿಟ್ಯಾಕ್ಸೆಲ್ ಮಿದುಳು ಮತ್ತು ಬೆನ್ನುಹುರಿಯ ಒಳಗೆ ಸುಲಭವಾಗಿ ಇಳಿಯುವುದಿಲ್ಲ, ಇದು ಇಳಿಯುತ್ತದೆ. ಹೀಗಾಗಿ ಗಾಯಕ್ಕೆ ಪಂಪು ಇಡದೆ ಮೈಗೆ ಚುಚ್ಚುಮದ್ದಾಗಿ ಕೊಟ್ಟರು. ಕಲೆ ಕಟ್ಟುವ ಕೋಶಗಳು ಗಾಯದತ್ತ ಸಾಗುವುದನ್ನು ಅದು ತಡೆಯಿತು, ನರತಂತುವನ್ನು ಮಾತ್ರ ಮುಂದಕ್ಕೆ ಬಿಟ್ಟಿತು. ಒಂದೇ ಔಷಧ ಎರಡು ಬಗೆಯ ಕೋಶಗಳಲ್ಲಿ ಎರಡು ಬಗೆಯಾಗಿ ನಡೆದುಕೊಂಡಿತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ತರಗತಿಯಿದ್ದಿದ್ದರೆ ಮರುದಿನವೇ ಕಪ್ಪು ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದೆ.

ಇನ್ನು ನಿಮ್ಮ ವರದಿ ಬಿಟ್ಟ ಮಾತುಗಳು. ‘ಇಲಿ’ ಎಂಬ ಪದ ನಿಮ್ಮಲ್ಲಿ ಮೊದಲ ಸಲ ಬಂದದ್ದು ನಾಲ್ಕನೆಯ ಪ್ಯಾರಾದಲ್ಲಿ. ಗಾಯವಾದ ಎಷ್ಟು ದಿನಕ್ಕೆ ಔಷಧ ಕೊಟ್ಟರು ಎಂಬುದು ಎಲ್ಲಿಯೂ ಬರಲಿಲ್ಲ. 2015ರ ಪ್ರಯೋಗದಲ್ಲಿ ಮೊದಲ ಚುಚ್ಚುಮದ್ದನ್ನು ಗಾಯವಾದ ಮರುದಿನ ಕೊಟ್ಟಿದ್ದರು, ಕಲೆ ಕಟ್ಟುವ ಮೊದಲೇ. ನನ್ನ ತಮ್ಮನ ಗಾಯಕ್ಕೆ ಹತ್ತು ವರ್ಷ ದಾಟಿದೆ. ಆ ಇಲಿಗಳು ‘ಎದ್ದು ನಡೆದವು’ ಎಂದು ನೀವು ಬರೆದಿರಿ. ಮೂಲದಲ್ಲಿ ಇರುವುದು ಹೀಗೆ: ಏಣಿಯಂತೆ ಜೋಡಿಸಿದ ಕಂಬಿಗಳ ಮೇಲೆ ನಡೆಸಿದಾಗ ಔಷಧ ಪಡೆದ ಇಲಿಗಳು ಹೆಜ್ಜೆ ತಪ್ಪುವುದು ಕಡಿಮೆಯಾಗಿತ್ತು. ಅದು ದೊಡ್ಡ ಸಂಗತಿಯೇ. ಆದರೆ ಗಾಲಿಕುರ್ಚಿಯಲ್ಲಿ ಕುಳಿತು ಓದುವವನಿಗೆ ಈ ಎರಡು ವಾಕ್ಯಗಳು ಹೇಳುವುದು ಒಂದೇ ಅಲ್ಲ. ಮತ್ತೊಂದು: ಅಮೆರಿಕದ ಓಹಾಯೊದ ಸಂಶೋಧಕರು ಪ್ಯಾಕ್ಲಿಟ್ಯಾಕ್ಸೆಲ್ ಪ್ರಯೋಗವನ್ನು ತಾವೇ ಮತ್ತೆ ಮಾಡಿ ನೋಡಿ 2014ರಲ್ಲಿ ಪ್ರಕಟಿಸಿದರು. ಮೊದಲು ಕಂಡ ಫಲಗಳೆಲ್ಲವೂ ಅವರಿಗೆ ಸಿಗಲಿಲ್ಲ.

ಪ್ರಮಾಣದ ಮಾತೂ ಇದೆ. ನನಗೆ ರಕ್ತನಾಳದ ಮೂಲಕ ಮೈತುಂಬ ಹರಿಸಿದ್ದು ಕ್ಯಾನ್ಸರ್ ಕೋಶವನ್ನು ಕೊಲ್ಲುವಷ್ಟು. ಇಲಿಯ ಗಾಯಕ್ಕೆ ಬಿಟ್ಟದ್ದು ನ್ಯಾನೊಗ್ರಾಂ ಲೆಕ್ಕದಲ್ಲಿ. ಕೊಳವೆ ಒಂದಿಷ್ಟು ಗಟ್ಟಿಯಾದರೆ ನರ ಬೆಳೆಯುತ್ತದೆ, ಅಲುಗದಷ್ಟು ಗಟ್ಟಿಯಾದರೆ ಅದರ ಮೇಲಿನ ಸಾಗಾಟವೇ ಕೆಡುತ್ತದೆ. ಒಂದೇ ಮದ್ದು ಅಕ್ಕನಿಗೆ ಹೀಗೆ, ತಮ್ಮನಿಗೆ ಹಾಗೆ ಆಗಬಹುದಾದ ಗುಟ್ಟು ಇದರಲ್ಲಿದೆ, ಮನುಷ್ಯರಿಗೆ ಕೊಡುವ ಮೊದಲು ದಾಟಬೇಕಾದ ಕಷ್ಟವೂ ಇದರಲ್ಲೇ ಇದೆ. ಎಪೊಥಿಲೋನ್ ಜಾತಿಯ ಇಕ್ಸಾಬೆಪಿಲೋನ್ 2007ರಿಂದ ಅಮೆರಿಕದಲ್ಲಿ ಸ್ತನ ಕ್ಯಾನ್ಸರಿಗೆ ಬಳಕೆಯಲ್ಲಿದೆ. ಅದನ್ನು ಪಡೆದವರಿಗೂ ಕೈಕಾಲು ಜೋಮು ಹಿಡಿಯುತ್ತದೆ.

ವರದಿಯ ಕೊನೆಯಲ್ಲಿ ‘ಅಲ್ಝೈಮರ್ ರೋಗಿಗಳಿಗೂ ಆಶಾಕಿರಣ’ ಎಂಬ ಒಂದು ಸಾಲಿತ್ತು. ಆ ಒಂದು ಸಾಲಿನ ಹಿಂದೆ ಎಷ್ಟು ಸೋಲುಗಳಿವೆ ಎಂದು ನಿಮ್ಮ ಓದುಗರಿಗೆ ತಿಳಿಯಬೇಕು. ಟೌ ಎಂಬ ಪ್ರೋಟೀನು ನರಕೋಶದ ಕೊಳವೆಗಳಿಗೆ ಅಂಟಿಕೊಂಡಿರುತ್ತದೆ. ಅಲ್ಝೈಮರ್ ರೋಗದಲ್ಲಿ ಅದು ಕಳಚಿಕೊಂಡು ಗಂಟುಗಂಟಾಗಿ ಕೂಡಿಕೊಳ್ಳುತ್ತದೆ. ಟೌ ಕಳಚಿದರೆ ಕೊಳವೆ ಕುಸಿಯುತ್ತದೆ, ಕೊಳವೆಯನ್ನು ಔಷಧದಿಂದ ಗಟ್ಟಿ ಮಾಡಿದರೆ ರೋಗ ತಗ್ಗೀತು ಎಂದು ಯೋಚಿಸಿದರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಎಪೊಥಿಲೋನ್ ಡಿ ಕೊಟ್ಟಾಗ ಟೌ ರೋಗದ ಸುಂಡಿಲಿಗಳು ಚೇತರಿಸಿಕೊಂಡವು. ಅದನ್ನು ಅಲ್ಝೈಮರ್ ರೋಗದ ಆರಂಭದಲ್ಲಿರುವವರಲ್ಲಿ ಪರೀಕ್ಷಿಸಲು ತೊಡಗಿ, ಮುಂದುವರಿಸದೆ ಕೈಬಿಟ್ಟರು. ಟಿಪಿಐ-287 ಎಂಬ ಇನ್ನೊಂದು ಔಷಧವನ್ನು ಮನುಷ್ಯರಿಗೆ ಕೊಟ್ಟ ಪರೀಕ್ಷೆಯ ಫಲಿತಾಂಶ 2019ರಲ್ಲಿ ಬಂತು. ಅಲ್ಝೈಮರ್ ಇದ್ದ ಕೆಲವರಿಗೆ ತೀವ್ರ ಅಲರ್ಜಿಯಾಯಿತು. ಟೌ ಸಂಬಂಧಿ ಬೇರೆ ರೋಗಗಳಿದ್ದವರು ಔಷಧ ಪಡೆದಾಗ ಹೆಚ್ಚು ಸಲ ಬಿದ್ದರು. ಟೌ ಕೊಳವೆಯನ್ನು ಗಟ್ಟಿ ಹಿಡಿಯುತ್ತದೆ ಎಂಬ ಮೂಲ ನಂಬಿಕೆಯನ್ನೇ ಫಿಲಡೆಲ್ಫಿಯಾದ ಪೀಟರ್ ಬಾಸ್ ಮತ್ತು ಸಂಗಡಿಗರು ಈಗ ಪ್ರಶ್ನಿಸುತ್ತಿದ್ದಾರೆ. ಕೊಳವೆಯ ಒಂದು ಭಾಗವನ್ನು ಎಳೆಯದಾಗಿ, ಬೆಳೆಯುವಂತೆ ಇಡುವುದೇ ಟೌ ಕೆಲಸ ಎಂಬುದು ಅವರ ವಾದ.

ಹೀಗೆ ಸೋತ ಡಾವುನೆಟೈಡ್ ಎಂಬ ಮತ್ತೊಂದು ಔಷಧದ ಬಗ್ಗೆ ಬಿಡಿಸಿ ಹೇಳಲೇಬೇಕು. ಇಸ್ರೇಲಿನ ಇಲಾನಾ ಗೋಝೆಸ್ ಅವರ ಸಂಶೋಧನೆಯಿಂದ ಬಂದ ಎಂಟು ಅಮೈನೊ ಆಮ್ಲಗಳ ಪುಟ್ಟ ಔಷಧವದು. ಕೊಳವೆಗಳನ್ನು ಕಾಪಾಡುತ್ತದೆ ಎಂದು ಪ್ರಾಣಿಗಳಲ್ಲಿ ಕಂಡಿತ್ತು. ಮೂಗಿಗೆ ಸಿಂಪಡಿಸುವಂಥದ್ದು. ಪ್ರೊಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ ಎಂಬ ರೋಗವಿದ್ದ 313 ಮಂದಿಯಲ್ಲಿ ಒಂದು ವರ್ಷ ಪರೀಕ್ಷಿಸಿದರು. ಬರಿಯ ದ್ರಾವಣ ಸಿಂಪಡಿಸಿಕೊಂಡವರಿಗೂ ಔಷಧ ಸಿಂಪಡಿಸಿಕೊಂಡವರಿಗೂ ವ್ಯತ್ಯಾಸ ಕಾಣಲಿಲ್ಲ. 2014ರಲ್ಲಿ ಅದರ ಪೂರ್ತಿ ವಿವರ ಪ್ರಕಟವಾಯಿತು.

ನನ್ನ ಜೊತೆ ಕನ್ನಡ ಕಲಿಸುತ್ತಿದ್ದ ಉಪನ್ಯಾಸಕಿಯೊಬ್ಬರ ಪತಿಗೆ ಇದೇ ರೋಗವಿತ್ತು. ಆ ರೋಗದಲ್ಲಿ ಕಣ್ಣು ಕೆಳಕ್ಕೆ ಹೊರಳುವುದಿಲ್ಲ. ಎದುರಿಗಿಟ್ಟ ಬಾಳೆ ಎಲೆಯಲ್ಲಿ ಏನು ಬಡಿಸಿದೆ ಎಂದು ಅವರಿಗೆ ಕಾಣುತ್ತಿರಲಿಲ್ಲ. ಹೆಂಡತಿ ಪಕ್ಕದಲ್ಲಿ ಕುಳಿತು ‘ಇದು ಪಲ್ಯ, ಇದು ಕೋಸಂಬರಿ’ ಎಂದು ಹೇಳಿ ಕೈ ಹಿಡಿದು ಮುಟ್ಟಿಸುತ್ತಿದ್ದರು. ನಿಂತಲ್ಲೇ ಹಿಂದಕ್ಕೆ ಬೀಳುತ್ತಿದ್ದರು. ಎಲ್ಲೋ ಓದಿ ಕತ್ತರಿಸಿಟ್ಟುಕೊಂಡಿದ್ದ ‘ಮೂಗಿಗೆ ಸಿಂಪಡಿಸಿದರೆ ಸಾಕು’ ಎಂಬ ಸುದ್ದಿಯ ತುಂಡನ್ನು ಆಕೆ ಪರ್ಸಿನಲ್ಲಿ ಮಡಚಿ ಇಟ್ಟುಕೊಂಡು ಓಡಾಡಿದರು. ಕಂಡ ಕಂಡ ವೈದ್ಯರಿಗೆಲ್ಲ ತೋರಿಸಿದರು. ಹಾಗೆ ಅಲೆಯುತ್ತಿದ್ದಾಗ ಆ ಔಷಧ ಸೋತು ಎರಡು ವರ್ಷವಾಗಿತ್ತು. ಗೆಲ್ಲಬಹುದು ಎಂಬ ಸುದ್ದಿ ಆಕೆಯ ಮನೆಗೆ ಬಂದಿತ್ತು. ಸೋತಿತು ಎಂಬ ಸುದ್ದಿ ಬರಲಿಲ್ಲ. ನನ್ನ ಅಳಲಿನ ತಿರುಳು ಇದೇ.

ಇದರಿಂದ ನಷ್ಟವೇನು, ಒಂದಿಷ್ಟು ಆಸೆ ಹುಟ್ಟಿದರೆ ತಪ್ಪೇನು ಎಂದು ಕೇಳಬಹುದು. ನಮ್ಮ ಮನೆಯ ನಷ್ಟವನ್ನು ಹೇಳುತ್ತೇನೆ. 2016ರಲ್ಲಿ ಇಂಥದ್ದೇ ಒಂದು ಸುದ್ದಿಯ ತುಂಡು ಹಿಡಿದು ತಮ್ಮ ದೂರದ ನಗರವೊಂದರ ಖಾಸಗಿ ಚಿಕಿತ್ಸಾಲಯಕ್ಕೆ ಹೋದ. ಆಕರಕೋಶದ (ಸ್ಟೆಮ್ ಸೆಲ್) ಚುಚ್ಚುಮದ್ದು, ಮೂರು ಸಲ, 3 ಲಕ್ಷದ 10 ಸಾವಿರ ರೂಪಾಯಿ. ಮುಂದಿನ ವರ್ಷದ ಅಡಿಕೆ ಫಸಲನ್ನು ತೋರಿಸಿ ಸಾಲ ತಂದಿದ್ದೆವು. ಅಲ್ಲಿನವರು ನಮ್ಮ ಕೈಗೆ ಮೊದಲು ಕೊಟ್ಟದ್ದು ಪತ್ರಿಕೆಗಳ ವರದಿಗಳನ್ನು ಅಂಟಿಸಿದ ಒಂದು ಕಡತ. ಎಲ್ಲವೂ ಇಲಿಗಳ ಸುದ್ದಿ ಎಂದು ನನಗೆ ಆಗ ಹೊಳೆಯಲಿಲ್ಲ, ಹೊಳೆಯಬೇಕಿತ್ತು. ಹಿಂತಿರುಗಿ ಬರುವಾಗ ರಾತ್ರಿಯಿಡೀ ಕುಳಿತಲ್ಲೇ ಕುಳಿತು ಪ್ರಯಾಣ ಮಾಡಿದ್ದರಿಂದ ಅವನ ಪೃಷ್ಠದ ಮೇಲೆ ಹುಣ್ಣಾಯಿತು. ಅದು ಮಾಯಲು ಏಳು ತಿಂಗಳು ಬೇಕಾಯಿತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ಕೆಲವು ರಕ್ತಸಂಬಂಧಿ ಕಾಯಿಲೆಗಳಂಥ ಒಪ್ಪಿತ ಬಳಕೆಯನ್ನು ಬಿಟ್ಟರೆ, ನೋಂದಾಯಿತ ಪ್ರಯೋಗದ ಹೊರಗೆ ಆಕರಕೋಶ ಚಿಕಿತ್ಸೆ ಕೊಡುವಂತಿಲ್ಲ. ನಮ್ಮ ದೇಶದಲ್ಲಿ ನಡೆಯುವ ಔಷಧ ಪ್ರಯೋಗಗಳು ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ದಾಖಲಾಗಬೇಕೆಂಬ ನಿಯಮ 2009ರಿಂದಲೇ ಇದೆ, ಯಾರು ಬೇಕಾದರೂ ಅಂತರ್ಜಾಲದಲ್ಲಿ ತೆರೆದು ನೋಡಬಹುದು. ಪಾರ್ಶ್ವವಾಯುವನ್ನು ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ನಿಮ್ಮ ವರದಿಯ ಅಡಿಯಲ್ಲಿ ಈ ಮೂರರಲ್ಲಿ ಒಂದನ್ನು ಸೇರಿಸಿದ್ದರೂ ನನ್ನ ತಮ್ಮನಂಥ ಇನ್ನೊಬ್ಬ ಬಸ್ಸು ಹತ್ತುವ ಮೊದಲು ಒಮ್ಮೆ ನಿಲ್ಲುತ್ತಿದ್ದ.

ನಿಮ್ಮ ಪತ್ರಿಕೆಯಲ್ಲಿ ನಾನು ದಿನವೂ ತಪ್ಪದೆ ನೋಡುವುದು ಅಡಿಕೆ ಧಾರಣೆ. ಅಲ್ಲಿ ನೀವು ‘ಅಡಿಕೆ ದರ ಏರಿತು’ ಎಂದಷ್ಟೇ ಹಾಕಿದರೆ ನಾವು ಒಪ್ಪುವುದಿಲ್ಲ. ರಾಶಿಗೆ ಎಷ್ಟು, ಚಾಲಿಗೆ ಎಷ್ಟು, ಬೆಟ್ಟೆಗೆ ಎಷ್ಟು, ಬಿಳೆಗೋಟಿಗೆ ಎಷ್ಟು. ಶಿರಸಿಯಲ್ಲೋ ಯಲ್ಲಾಪುರದಲ್ಲೋ ಸಿದ್ದಾಪುರದಲ್ಲೋ. ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂದು ವರ್ಷವಿಡೀ ಬಿಡದೆ ಅಚ್ಚುಮಾಡುತ್ತೀರಿ. ದರ ಕುಸಿದ ದಿನವೂ ಅಷ್ಟೇ ನಿಯತ್ತಾಗಿ ಹಾಕುತ್ತೀರಿ. ಅದನ್ನು ನಂಬಿ ನಾವು ಚೀಲ ಕಟ್ಟುತ್ತೇವೆ ಅಥವಾ ಅಟ್ಟದಲ್ಲೇ ಇಡುತ್ತೇವೆ. ಔಷಧದ ಸುದ್ದಿಗೂ ಅಷ್ಟೇ ನಿಯತ್ತನ್ನು ಕೇಳುತ್ತಿದ್ದೇನೆ. ಪರೀಕ್ಷೆ ನಡೆದದ್ದು ಇಲಿಯಲ್ಲೋ ಮನುಷ್ಯರಲ್ಲೋ, ಎಷ್ಟು ಮಂದಿಯಲ್ಲಿ, ಗಾಯವಾದ ಅಥವಾ ರೋಗ ಕಂಡ ಎಷ್ಟು ದಿನಕ್ಕೆ, ನಮ್ಮ ದೇಶದಲ್ಲಿ ಈಗ ಸಿಗುತ್ತದೆಯೋ ಇಲ್ಲವೋ. ವರದಿಯ ನೆತ್ತಿಯ ಮೇಲೆ ಒಂದೇ ಸಾಲು ಸಾಕು. ಹಾಗೆಯೇ, ನೀವು ಒಮ್ಮೆ ಬರೆದ ಔಷಧ ಮುಂದೆ ಸೋತರೆ ಅದನ್ನೂ ಅದೇ ಪುಟದಲ್ಲಿ, ಅದೇ ಅಳತೆಯ ಅಕ್ಷರದಲ್ಲಿ ಹಾಕಿ.

ಬರೆಯಲೇಬೇಡಿ ಎಂದು ಖಂಡಿತ ಹೇಳುತ್ತಿಲ್ಲ. ಕೊಳವೆಗಳ ಈ ಸಂಶೋಧನೆ ನಡೆಯಬೇಕು, ಕನ್ನಡದಲ್ಲಿ ಅದರ ಕತೆ ಬರಬೇಕು. ಮರದಿಂದ ಬಿದ್ದವನನ್ನು ಆಸ್ಪತ್ರೆಗೆ ಸೇರಿಸಿದ ಮೊದಲ ದಿನವೇ ಕಲೆ ಕಟ್ಟದಂತೆ ಒಂದು ಚುಚ್ಚುಮದ್ದು ಕೊಡುವ ಕಾಲ ಬಂದರೆ ಅದಕ್ಕಿಂತ ಹೆಚ್ಚಿನ ಸಂತೋಷ ನನಗೆ ಬೇರೊಂದಿಲ್ಲ. ಪ್ರತಿ ಮಳೆಗಾಲದಲ್ಲೂ ನಮ್ಮ ಸೀಮೆಯಲ್ಲಿ ಯಾರಾದರೂ ಬೀಳುತ್ತಲೇ ಇರುತ್ತಾರೆ. ಆದರೆ ಅಂಥವರ ಮನೆಯವರಿಗೆ ಇವತ್ತು ರಾತ್ರಿಯೇ ಬೇಕಾದ ಮಾತುಗಳೂ ಇವೆ: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಕ್ಯಾಥೆಟರನ್ನು ಶುಚಿಯಾಗಿ ಇಡುವುದು, ಬಿದ್ದವನನ್ನು ಕಂಬಳಿಯಲ್ಲಿ ಮುದ್ದೆ ಮಾಡಿ ಜೀಪಿಗೆ ಹಾಕದೆ ಹಲಗೆಯ ಮೇಲೆ ನೇರವಾಗಿ ಮಲಗಿಸಿ ಒಯ್ಯುವುದು. ತಮ್ಮನನ್ನು ನಾವು ಕಂಬಳಿಯಲ್ಲೇ ಎತ್ತಿಕೊಂಡು ಹೋಗಿದ್ದೆವು. ಅದರಿಂದ ಗಾಯ ಇನ್ನಷ್ಟು ಹೆಚ್ಚಿತೋ ಏನೋ ಎಂಬ ಪ್ರಶ್ನೆ ಹತ್ತು ವರ್ಷದಿಂದ ನನ್ನ ಜೊತೆಯಲ್ಲೇ ಮಲಗಿ ಏಳುತ್ತಿದೆ. ಇದನ್ನು ಯಾರೂ ನಮಗೆ ಮೊದಲೇ ಹೇಳಿರಲಿಲ್ಲ. ಆರೋಗ್ಯ ಪುಟದಲ್ಲಿ ಇದಕ್ಕೂ ಜಾಗ ಕೊಡಿ.

ಪತ್ರವನ್ನು ಅಂಚೆಗೆ ಹಾಕುವ ಮೊದಲು ತಮ್ಮನಿಗೆ ಓದಿ ಹೇಳಿದೆ. ಉಂಬಳದ ಮಾತು ಬಂದಾಗ ಸುಮ್ಮನೆ ಕಾಲಿನತ್ತ ನೋಡಿದ. ಎಲ್ಲ ಕೇಳಿದ ಮೇಲೆ ನಿಮ್ಮ ವರದಿಯ ತುಂಡನ್ನು ಮಡಚಿ, ಹಳೆಯ ತುಂಡುಗಳಿರುವ ತಗಡಿನ ಡಬ್ಬಿಯಲ್ಲಿಟ್ಟು, ಒಂದು ಮಾತು ಸೇರಿಸಲು ಹೇಳಿದ. ಅವನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ: ‘ಗಾಯವಾಗಿ ಬಹಳ ಕಾಲ ಕಳೆದ ಇಲಿಗೆ ಕೊಟ್ಟು ನೋಡಿದ್ದಾರೆಯೇ ಎಂದು ಕೇಳು. ನೋಡಿದ್ದರೆ, ಅದು ಸೋತಿದ್ದರೂ ಸರಿ, ಅದನ್ನು ಮೊದಲು ಹಾಕಲಿ. ನಾನು ಓದುತ್ತೇನೆ.’

ಇತಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕಿ, ಶಿರಸಿ ತಾಲ್ಲೂಕು
(ತಮ್ಮನ ಕೋರಿಕೆಯಂತೆ ದಯವಿಟ್ಟು ನನ್ನ ಹೆಸರನ್ನು ಪ್ರಕಟಿಸಬೇಡಿ.)